ಕೂಡಿ ನುಡಿಸುವ ಸಂಗೀತಕ್ಕೆ ವಿಮರ್ಶೆಯ ಅಳತೆಗೋಲು

ಪಾಶ್ಚಾತ್ಯ ಸಂಗೀತದಲ್ಲಿ ಚೇಂಬರ್ ಸಂಗೀತವೆಂಬ ಪ್ರಭೇದವೊಂದುಂಟು. ಹೆಸರೇ ಸೂಚಿಸುವಂತೆ ಇದು ಮೂಲತಃ ಕೋಣೆಯೊಳಗಣ ಸಂಗೀತ. ದೊಡ್ಡ ವಾದ್ಯವೃಂದದಲ್ಲಿ ಒಂದೇ ಸ್ವರಪಂಕ್ತಿಯನ್ನು ಹಲವು ಪಿಟೀಲುಗಳು ಒಟ್ಟಿಗೆ ನುಡಿಸುತ್ತವೆ. ಇಲ್ಲಿ ಒಂದೊಂದು ಪಂಕ್ತಿಗೆ ಒಬ್ಬೊಬ್ಬನೇ ವಾದಕ. ಕೈಬೀಸಿ ನಡೆಸುವ ನಿರ್ದೇಶಕನಿಲ್ಲ. ಎಲ್ಲ ವಯಸ್ಸಿನವರೂ ಸೇರಿ ಈ ಸಂಗೀತವನ್ನು ಕಲಿತು, ನೆರೆಹೊರೆಯವರ ಮುಂದೆ ನುಡಿಸುವ ಶಿಬಿರಗಳೂ ಕಚೇರಿಗಳೂ ಪಶ್ಚಿಮದ ಅನೇಕ ಊರುಗಳಲ್ಲಿ ನಡೆಯುತ್ತಿವೆ. ವಿಮರ್ಶೆಯು ಇವುಗಳನ್ನು ಹಲವು ವೇಳೆ ಸಮಾಜಸೇವೆಯೆಂದು ಹೊಗಳಿ, ಕಲೆಯೆಂದು ಪರೀಕ್ಷಿಸದೆ ಬಿಡುವುದುಂಟು. ಹೊಗಳಿಕೆಯ ವೇಷದ ಈ ಉಪೇಕ್ಷೆಯನ್ನು ನಾವು ಒಪ್ಪಲಾರೆವು.

ಚೇಂಬರ್ ಸಂಗೀತದ ಚರಿತ್ರೆಯನ್ನೇ ನೋಡಬಹುದು. ವಿಯೆನ್ನಾದಲ್ಲಿ ಶೂಬರ್ಟ್‌ನ (1797–1828) ಮನೆಯವರು ಕೂಡಿ ಕ್ವಾರ್ಟೆಟ್ ನುಡಿಸುತ್ತಿದ್ದರು. ಉಪಾಧ್ಯಾಯನಾದ ತಂದೆಗೆ ಚೆಲ್ಲೊ, ಅಣ್ಣಂದಿರಾದ ಇಗ್ನಾಜ್ ಮತ್ತು ಫರ್ಡಿನಾಂಡರಿಗೆ ಪಿಟೀಲು, ಬಾಲಕ ಫ್ರಾನ್ಜ್‌ನಿಗೆ ವಿಯೋಲ. ಅವನ ಮೊದಮೊದಲ ಕ್ವಾರ್ಟೆಟ್‌ಗಳು ಹುಟ್ಟಿದುದು ಈ ಕೂಟಕ್ಕಾಗಿ. ತಂದೆ ತಪ್ಪಿದಾಗ ಮೊದಲ ಸಲ ಅವನು ಸುಮ್ಮನಿರುತ್ತಿದ್ದನೆಂದೂ, ಅದೇ ತಪ್ಪು ಮರುಕಳಿಸಿದರೆ ಎಲ್ಲಿಯೋ ಏನೋ ತಪ್ಪಿರಬೇಕೆಂದು ನಗುತ್ತ ಸೂಚಿಸುತ್ತಿದ್ದನೆಂದೂ ಫರ್ಡಿನಾಂಡನು ಸ್ಮರಿಸಿದ್ದಾನೆ. ಹಿರಿಯನ ಮರ್ಯಾದೆಗೆ ಕುಂದು ಬರಲಿಲ್ಲ. ತಪ್ಪೂ ತಿದ್ದದೆ ಉಳಿಯಲಿಲ್ಲ.

ಎಲ್ಲರನ್ನೂ ಸೇರಿಸಿಕೊಂಡರೆ ಮಟ್ಟ ಇಳಿಯದೇ ಎಂಬ ಆಕ್ಷೇಪ ಸಹಜವಾದುದು. ಮೋಟ್ಸಾರ್ಟ್‌ನು 1785ರಲ್ಲಿ ರಚಿಸಿದ ಜಿ ಮೈನರ್ ಪಿಯಾನೊ ಕ್ವಾರ್ಟೆಟ್ ಹವ್ಯಾಸಿಗಳ ಕೈಗೆ ಎಟುಕದೆಂಬ ಮಾತು ಅವನ ಕಾಲದಲ್ಲಿಯೇ ಹುಟ್ಟಿತ್ತು. ಆದರೆ ಇದು ಕೃತಿಯ ಆಯ್ಕೆಗೆ ಸಂಬಂಧಿಸಿದ ವಿವೇಕವೇ ಹೊರತು, ಹವ್ಯಾಸಿಗಳನ್ನು ಹೊರಗಿಡಲು ಕಾರಣವಾಗದು. 1947ರಲ್ಲಿ ಅಮೆರಿಕದ ಲಿಯೊನಾರ್ಡ್ ಸ್ಟ್ರಾಸ್ ಸ್ಥಾಪಿಸಿದ ಹವ್ಯಾಸಿ ಚೇಂಬರ್ ವಾದಕರ ಸಂಘವು ಸದಸ್ಯರ ಹೆಸರುಪಟ್ಟಿಯನ್ನು ಪ್ರಕಟಿಸಿದಾಗ, ಪ್ರತಿಯೊಬ್ಬರೂ ತಮ್ಮ ಸಾಮರ್ಥ್ಯದ ಶ್ರೇಣಿಯನ್ನು ತಾವೇ ನಿರ್ಣಯಿಸಿ ಅದರಲ್ಲಿ ನಮೂದಿಸುವ ಪದ್ಧತಿಯನ್ನು ತಂದಿತು. ತನ್ನ ಅಳವನ್ನು ತಾನು ಅರಿಯುವುದು ವಿಮರ್ಶೆಯ ಮೊದಲ ಮೆಟ್ಟಿಲಲ್ಲವೆ?

ಹಾಗಾದರೆ ಅಳತೆಗೋಲು ಯಾವುದು? ಬೆರಳಿನ ವೇಗವಲ್ಲ, ಕಿವಿಯ ಎಚ್ಚರ. ಮೇಲಿನ ಪಿಟೀಲು ಹಾಡುವಾಗ ವಿಯೋಲ ತಗ್ಗುತ್ತದೆಯೆ? ತನ್ನ ಸರದಿ ಬಂದಾಗ ಅಂಜದೆ ಮುಂದೆ ಬರುತ್ತದೆಯೆ? ಒಬ್ಬನು ಲಯ ತಪ್ಪಿದಾಗ ಉಳಿದವರು ಅವನನ್ನು ಎತ್ತಿಕೊಳ್ಳುತ್ತಾರೆಯೆ? ಹನ್ನೆರಡರ ಬಾಲೆಗೂ ಎಪ್ಪತ್ತರ ಮುದುಕನಿಗೂ, ವೃತ್ತಿವಾದಕನಿಗೂ ಈ ಪ್ರಶ್ನೆಗಳು ಒಂದೇ. ಸುಲಭವಾದ ಕೃತಿಯನ್ನು ಹೀಗೆ ನುಡಿಸಿದ ಕೂಟವು, ಕಠಿಣವಾದುದನ್ನು ಕಿವಿಗೊಡದೆ ನುಡಿಸಿದ ಪ್ರವೀಣರ ಕೂಟಕ್ಕಿಂತ ಮೇಲು.

ಈ ದೃಷ್ಟಿಯಲ್ಲಿ ಶಿಬಿರವನ್ನು ಕಚೇರಿಯ ಪೂರ್ವಸಿದ್ಧತೆಯೆಂದಷ್ಟೇ ತಿಳಿಯುವುದು ಸರಿಯಲ್ಲ. ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದಲ್ಲಿ ಸೆಬಾಸ್ಟಿಯನ್ ರೂತ್ ಅವರು 1997ರಲ್ಲಿ ಆರಂಭಿಸಿದ ಕಮ್ಯೂನಿಟಿ ಮ್ಯೂಸಿಕ್‌ವರ್ಕ್ಸ್ ಸಂಸ್ಥೆಯ ವಾದಕರು ಬಡಾವಣೆಯ ಮಕ್ಕಳಿಗೆ ಶುಲ್ಕವಿಲ್ಲದೆ ಕಲಿಸುತ್ತಾರೆ. ಆ ನೆರೆಯವರ ಮುಂದೆಯೇ ಕಚೇರಿಯನ್ನೂ ಮಾಡುತ್ತಾರೆ. ಇಂತಹ ಕಡೆ ಕೇಳುಗನಿಗೂ ವಾದಕನಿಗೂ ನಡುವಣ ಗೋಡೆ ತೆಳುವಾಗುತ್ತದೆ. ಇಂದು ಕೇಳಿದವನು ನಾಳೆ ನುಡಿಸುವವನು.

ಕರುಣೆಯ ಚಪ್ಪಾಳೆ ಇಂತಹ ಕೂಟಗಳಿಗೆ ಉಪಕಾರವಲ್ಲ. ಅವುಗಳಿಗೆ ಸಲ್ಲಬೇಕಾದುದು ಸ್ನೇಹಪೂರ್ಣವಾದ, ಆದರೆ ರಿಯಾಯಿತಿಯಿಲ್ಲದ ವಿಮರ್ಶೆ ಎಂದು ನಾವು ಭಾವಿಸುತ್ತೇವೆ.