ದೀನನೂ ಸಾತ್ವಿಕನೂ

ಒಂದು ಭಾಷೆಯ ಮಾತು ಇನ್ನೊಂದು ಭಾಷೆಗೆ ಬಂದಾಗ, ಬಂದ ಮನೆಯ ಅಭ್ಯಾಸಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಕ್ರೈಸ್ತ ಜೀವನದ ಮುಖ್ಯ ಗುಣವೆಂದು ಹೇಳುವ ದೀನತೆಯ ವಿಷಯದಲ್ಲಿ ಹೀಗೇ ಆಗಿದೆಯೆಂದು ನನಗೆ ಬಹುಕಾಲದಿಂದ ಅನ್ನಿಸುತ್ತಿದೆ.

ಕನ್ನಡ ಸತ್ಯವೇದಕ್ಕೆ ದೀರ್ಘ ಚರಿತ್ರೆಯಿದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕೈಗೊಂಡ ಅನುವಾದ 1831ರ ವೇಳೆಗೆ ಪೂರ್ಣವಾಯಿತು. ಆಮೇಲೆ ಅದನ್ನು ತಿದ್ದಿ ಹಸನುಗೊಳಿಸಿದವರಲ್ಲಿ ಬೆಂಗಳೂರಿನ ಬೆಂಜಮಿನ್ ರೈಸ್ ಒಬ್ಬರು. ಶಾಸನಗಳನ್ನು ಸಂಪಾದಿಸಿದ ಬಿ. ಎಲ್. ರೈಸ್ ಅವರ ತಂದೆ. ನಮ್ಮ ಶೇಷಾದ್ರಿಪುರದಿಂದ ಮೆಜೆಸ್ಟಿಕ್ ದಾಟಿ ಅವೆನ್ಯೂ ರಸ್ತೆಗೆ ಹೋದರೆ, ಅಂಗಡಿಗಳ ಗದ್ದಲದ ನಡುವೆ ಅವರ ಹೆಸರಿನ ದೇವಾಲಯ ಇಂದಿಗೂ ಇದೆ. ಕನ್ನಡವನ್ನು ಪ್ರೀತಿಯಿಂದ ಕಲಿತ ಈ ಜನ ಒಂದೊಂದು ಶಬ್ದವನ್ನೂ ತೂಗಿ ನೋಡಿದವರು.

ಬಹುಕಾಲದಿಂದ ಬಳಕೆಯಲ್ಲಿರುವ ಸತ್ಯವೇದವನ್ನೇ ತೆಗೆದು ನೋಡಿ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ ಬೆಟ್ಟದ ಪ್ರಸಂಗದಲ್ಲಿ, ಭೂಮಿಯನ್ನು ಪಡೆಯುವವರನ್ನು 'ಶಾಂತರು' ಎಂದು ಕರೆದಿದೆ. 11ನೆಯ ಅಧ್ಯಾಯದಲ್ಲಿ ಯೇಸು ತನ್ನನ್ನೇ ಕುರಿತು ಹೇಳಿಕೊಳ್ಳುವಾಗ 'ಸಾತ್ವಿಕ' ಎಂಬ ಮಾತು ಬರುತ್ತದೆ. ಗ್ರೀಕ್ ಮೂಲದಲ್ಲಿ ಎರಡು ಕಡೆಯೂ ಇರುವುದು ಒಂದೇ ಶಬ್ದ. ಪಳಗಿದ ಕುದುರೆಯನ್ನು ಹೇಳುವುದಕ್ಕೂ ಗ್ರೀಕರು ಆ ಶಬ್ದವನ್ನು ಬಳಸುತ್ತಿದ್ದರು. ಪಳಗಿದ ಕುದುರೆಯ ಕಾಲಿನಲ್ಲಿ ಶಕ್ತಿ ಕಡಿಮೆಯಾಗಿರುವುದಿಲ್ಲ. ಅದು ಹತೋಟಿಗೆ ಬಂದಿರುತ್ತದೆ, ಅಷ್ಟೇ. ಯೇಸುವಿನ ಆ ಮಾತಿನಲ್ಲೇ ನೊಗದ ಹೋಲಿಕೆಯೂ ಇದೆ. ನೊಗ ಹೂಡುವುದು ಬಲವಿರುವ ಎತ್ತಿನ ಹೆಗಲಿಗೆ, ಬಡಕಲು ಕರುವಿಗಲ್ಲವೆಂಬುದು ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು.

ಅದೇ ವಾಕ್ಯದಲ್ಲಿ ಪಕ್ಕದಲ್ಲೇ ಇನ್ನೊಂದು ಮಾತಿದೆ: 'ದೀನ'. ಸಂಸ್ಕೃತದಿಂದ ಬಂದ ಈ ಶಬ್ದಕ್ಕೆ ಬಡವ, ಕುಗ್ಗಿದವ, ಮರುಕಕ್ಕೆ ಪಾತ್ರನಾದವ ಎಂಬ ಅರ್ಥಗಳು ಮೊದಲಿನಿಂದಲೂ ಇವೆ. ದೀನದಲಿತ, ದೀನಸ್ವರ ಎನ್ನುವಾಗ ನಮ್ಮ ಕಣ್ಣಿಗೆ ಕಟ್ಟುವುದು ಕೈಚಾಚಿ ನಿಂತವನ ಚಿತ್ರ. ಎರಡು ಮಾತುಗಳಲ್ಲಿ ಪ್ರಸಂಗಪೀಠಕ್ಕೆ ಹೆಚ್ಚು ಒಗ್ಗಿದ್ದು ಇದೇ. ಸಾತ್ವಿಕ ಹಿಂದೆ ಸರಿಯಿತು, ದೀನ ಮುಂದೆ ಬಂತು.

ಇದರಿಂದ ಆದ ನಷ್ಟ ಸಣ್ಣದಲ್ಲ. ದೀನರಾಗಿರಿ ಎಂಬ ಬೋಧನೆ ಯಾರ ಕಿವಿಗೆ ಹೆಚ್ಚು ಬೀಳುತ್ತದೆ? ಆಗಲೇ ಬಗ್ಗಿದವರ ಕಿವಿಗೆ. ಗಂಡನ ಹೊಡೆತ ತಿಂದು ಬಂದ ಹೆಂಗಸಿಗೆ 'ಸಹಿಸಿಕೋ ಮಗಳೇ, ದೀನಳಾಗಿರು' ಎಂದು ಹೇಳುವುದನ್ನು ನಾನು ಕೇಳಿದ್ದೇನೆ. ಹೊಡೆದವನಿಗೆ ಆ ಮಾತು ಹೇಳಿದ್ದನ್ನು ಕೇಳಿದ ನೆನಪಿಲ್ಲ. ಇತ್ತ ವೇದಿಕೆಯ ಮೇಲೆ 'ನಾನೇನೂ ತಿಳಿದವನಲ್ಲ' ಎಂದು ಆರಂಭಿಸಿ ಒಂದೂವರೆ ಗಂಟೆ ಮಾತಾಡುವವರ ದೀನತೆಯೂ ಇದೆ. ಅದನ್ನು ಇಲ್ಲಿ ಬಿಡೋಣ.

ಸುವಾರ್ತೆಗಳು ತೋರಿಸುವ ಚಿತ್ರವೇ ಬೇರೆ. ಯೋಹಾನನ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. ಆದರೆ ಸುವಾರ್ತಿಕ ಅದಕ್ಕೂ ಮೊದಲು, ಎಲ್ಲವೂ ತನ್ನ ಕೈಯಲ್ಲಿದೆಯೆಂದು ಆತನಿಗೆ ತಿಳಿದಿತ್ತು ಎಂದು ಬರೆಯುತ್ತಾನೆ. ಮೊದಲು ಅಧಿಕಾರದ ಅರಿವು, ಆಮೇಲೆ ಸೊಂಟಕ್ಕೆ ಕೈವಸ್ತ್ರ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಉಳಿಯುವುದು ಆಳಿನ ಕೆಲಸ ಮಾತ್ರ. 18ನೆಯ ಅಧ್ಯಾಯದಲ್ಲಿ ಮಹಾಯಾಜಕನ ಎದುರು ಓಲೇಕಾರನೊಬ್ಬ ಆತನ ಕೆನ್ನೆಗೆ ಹೊಡೆಯುತ್ತಾನೆ. ಇನ್ನೊಂದು ಕೆನ್ನೆಯನ್ನೂ ಕೊಡಿರೆಂದು ಕಲಿಸಿದ ಗುರು ಆಗ ಸುಮ್ಮನಿರಲಿಲ್ಲ. ನನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಏಕೆ ಹೊಡೆದೆ ಎಂಬರ್ಥದ ಪ್ರಶ್ನೆ ಕೇಳಿದ. ತಿರುಗಿ ಹೊಡೆಯಲಿಲ್ಲ, ಹೊಡೆದದ್ದನ್ನು ನ್ಯಾಯವೆಂದು ಒಪ್ಪಲೂ ಇಲ್ಲ. ಸಾತ್ವಿಕತೆ ಇರುವುದು ಈ ಎರಡರ ನಡುವೆ.

ಕನ್ನಡಕ್ಕೆ ಇದು ಅರ್ಥವಾಗದ ಸಂಗತಿಯೇನಲ್ಲ. ನಮ್ಮಲ್ಲಿ 'ಸಾತ್ವಿಕ ಸಿಟ್ಟು' ಎಂಬ ಮಾತಿದೆ. 'ದೀನ ಸಿಟ್ಟು' ಎಂದು ಯಾರೂ ಹೇಳುವುದಿಲ್ಲ. ದೇವಾಲಯದಲ್ಲಿ ಚಿನಿವಾರರ ಮೇಜುಗಳನ್ನು ಕೆಡವಿದವನಿಗೆ ಒಪ್ಪುವುದು ಯಾವ ಮಾತೆಂದು ಓದುಗರೇ ನಿರ್ಧರಿಸಬಹುದು. ತನ್ನನ್ನು ಶರಣರೆಲ್ಲರಿಗಿಂತ ಚಿಕ್ಕವನೆಂದು ಎಣಿಸಿದ ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದವನು ಎಂಬುದನ್ನೂ ನೆನೆಯಬೇಕು.

ಕ್ರೈಸ್ತರಲ್ಲದ ಒಬ್ಬ ಕವಿ ಇದನ್ನು ಚೆನ್ನಾಗಿ ಕಂಡರೆಂದು ನನ್ನ ಭಾವನೆ. ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಕಾವ್ಯದಲ್ಲಿ ಯೇಸುವಿನ ಕಡೆಯ ದಿನವನ್ನು ಚಿತ್ರಿಸಿದರು. ಅದರ ಹಳಗನ್ನಡದ ಬಿಗಿ ಇಂದಿನವರಿಗೆ ಕಠಿಣವೆಂಬ ದೂರಿದೆ. ತರಗತಿಯಲ್ಲಿ ಆ ಕಷ್ಟ ನಾನೂ ಕಂಡಿದ್ದೇನೆ. ಆದರೂ ಆ ನಡೆಗೆ ಅಂಗಲಾಚಲು ಬರುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಸುತ್ತಲಿನವರು ಏನೇ ಮಾಡಲಿ, ಶಿಲುಬೆಗೆ ನಡೆಯುವವನ ಘನತೆ ಆ ಭಾಷೆಯಲ್ಲಿ ಕುಗ್ಗುವುದಿಲ್ಲ. ಓದುಗನಿಗೆ ಮರುಕಕ್ಕಿಂತ ಮೊದಲು ಗೌರವ ಹುಟ್ಟುತ್ತದೆ.

'ದೀನ' ಎಂಬ ಮಾತನ್ನು ಸತ್ಯವೇದದಿಂದ ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ಮೂಲದಲ್ಲಿಯೂ ಅಲ್ಲಿರುವುದು ತಗ್ಗಿನಲ್ಲಿರುವವನನ್ನು ಹೇಳುವ ಶಬ್ದವೇ. ಬಡವರ ಜೊತೆ ನಿಂತವನಿಗೆ ಅದು ಸಲ್ಲುತ್ತದೆ. ಆದರೆ ಆ ವಾಕ್ಯದಲ್ಲಿ ಎರಡು ಮಾತುಗಳು ಜೊತೆಯಾಗಿ ಬಂದಿವೆ. ದೀನತೆಯನ್ನು ಬೋಧಿಸುವವರು ಎರಡನ್ನೂ ಓದಲಿ. ಕೆನ್ನೆ ಕೊಡಿರೆಂಬ ಉಪದೇಶದ ಜೊತೆಗೆ, ಏಕೆ ಹೊಡೆದೆ ಎಂಬ ಆ ಪ್ರಶ್ನೆಯನ್ನೂ ಅದೇ ಪೀಠದಿಂದ ಓದಲಿ. ಹೊಡೆತ ತಿಂದು ಹಿಂದಿನ ಬೆಂಚಿನಲ್ಲಿ ಕೂತಿರುವ ಹೆಂಗಸು ಅದನ್ನು ಕೇಳಬೇಕಾಗಿದೆ.