ಅಂಟಿನ ವಿವೇಕ

ಚಿತ್ರದ ಗುಣದೋಷಗಳನ್ನು ಕುರಿತು ಬರೆಯುವವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಚಿತ್ರದ ಬೆನ್ನನ್ನು ನೋಡಿದವರು ವಿರಳ. ಆದರೆ ನಮ್ಮ ನುಡಿಗೇ ಆ ನೆನಪಿದೆ. ‘ಪಟ’ವೆಂದರೆ ಮೂಲದಲ್ಲಿ ಬಟ್ಟೆ, ಬಟ್ಟೆಯ ಮೇಲೆ ಬರೆದ ಕಾರಣ ಚಿತ್ರಕ್ಕೂ ಆ ಹೆಸರು ಬಂದಿತು. ಇಂದು ನಮ್ಮ ಪಡಸಾಲೆಯ ಪಟದಲ್ಲಿ ಬಟ್ಟೆ ಉಳಿದಿಲ್ಲ. ಗಾಜು, ಹಲಗೆ, ಮೊಳೆ ಇಷ್ಟೇ ಇವೆ. ಒಮ್ಮೆ ಗೋಡೆಗೇರಿದ ಪಟ ಸುಣ್ಣ ಬಳಿಯುವ ದಿನದ ತನಕ ಇಳಿಯುವುದಿಲ್ಲ.

ಚೀನೀಯರ ತೂಗುಪಟದ ರೀತಿಯೇ ಬೇರೆ. ಅದು ಸುರುಳಿಯಾಗಿ ಪೆಟ್ಟಿಗೆಯಲ್ಲಿರುತ್ತದೆ. ಋತು, ಅತಿಥಿ, ಸಂದರ್ಭ ನೋಡಿ ಬಿಚ್ಚಿ ತೂಗಹಾಕುತ್ತಾರೆ, ಮತ್ತೆ ಸುತ್ತಿಡುತ್ತಾರೆ. ತೆಳುವಾದ ಕಾಗದ ಇಷ್ಟು ಸುತ್ತಾಟವನ್ನು ತಡೆಯಬೇಕಾದರೆ ಅದಕ್ಕೊಂದು ಬೆನ್ನು ಬೇಕು. ಬೆನ್ನು ಕೊಡುವವನು ಚಿತ್ರಕಾರನಲ್ಲ, ಬೇರೊಬ್ಬ ಕಸಬುದಾರ. ಅವನು ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿ, ನೀರು ಚಿಮುಕಿಸಿ ಸುಕ್ಕು ಬಿಡಿಸುತ್ತಾನೆ. ಗೋಧಿ ಹಿಟ್ಟನ್ನು ತೊಳೆದು ಜಿಗುಟನ್ನು ತೆಗೆದು, ಉಳಿದ ಪಿಷ್ಟದಿಂದ ತಿಳಿಯಾದ ಸರಿ ಕಾಯಿಸಿ ಬಳಿಯುತ್ತಾನೆ. ಅದರ ಮೇಲೆ ಒಂದು ಹಾಳೆಯನ್ನು ಹಾಸಿ, ಗಾಳಿ ಸಿಕ್ಕದಂತೆ ಕುಂಚದಿಂದ ನೇವರಿಸುತ್ತಾನೆ. ಅನಂತರ ಅಂಚುಗಳನ್ನಷ್ಟೇ ಹಲಗೆಗೆ ಅಂಟಿಸಿ, ಚಿತ್ರ ಬಿಗಿಯಾಗಿ ಆರುವಂತೆ ಬಿಡುತ್ತಾನೆ. ಆಮೇಲೆ ರೇಷ್ಮೆಯ ಅಂಚು, ಇಡಿಯ ಪಟಕ್ಕೆ ಮತ್ತೊಂದು ಬೆನ್ನು, ಮೇಲೆ ತೆಳುವಾದ ಕೋಲು, ಕೆಳಗೆ ಭಾರದ ಉರುಳು. ಚಿತ್ರದ ಮೇಲಣ ರೇಷ್ಮೆಗೆ ‘ಆಕಾಶ’ವೆಂದೂ ಕೆಳಗಿನದಕ್ಕೆ ‘ಭೂಮಿ’ಯೆಂದೂ ಹೆಸರು. ಬೆನ್ನಿಗೆ ಅಂಟಿದ ಮೊದಲ ಹಾಳೆಯನ್ನು ಅವರು ‘ಆಯುಸ್ಸಿನ ಕಾಗದ’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ.

ಈ ಕಸಬನ್ನು ಚೀನೀ ವಿದ್ವಾಂಸರು ಕೀಳೆಂದು ಬಿಡಲಿಲ್ಲ. 847ರಲ್ಲಿ ಮುಗಿದ ಝಾಂಗ್ ಯಾನ್‌ಯುವಾನನ ಚಿತ್ರಕಾರರ ಚರಿತ್ರೆಯಲ್ಲಿ ಇದಕ್ಕೂ ಒಂದು ಅಧ್ಯಾಯವಿದೆ. ಮಿಂಗ್ ಅರಸರ ಕಾಲದ ಝೌ ಜಿಯಾಝೌ ಇದರ ಮೇಲೆಯೇ ಒಂದು ಗ್ರಂಥ ಬರೆದು, ಹಳೆಯ ಚಿತ್ರವನ್ನು ರೋಗಿಗೂ ಕಸಬುದಾರನನ್ನು ವೈದ್ಯನಿಗೂ ಹೋಲಿಸಿದ. ವೈದ್ಯ ಒಳ್ಳೆಯವನಾದರೆ ರೋಗಿ ಏಳುತ್ತಾನೆ, ಇಲ್ಲದಿದ್ದರೆ ವೈದ್ಯನ ಕೈಯಲ್ಲೇ ಸಾಯುತ್ತಾನೆ ಎಂಬುದು ಅವನ ಮಾತಿನ ಹುರುಳು.

ಇದರ ಮರ್ಮವಿರುವುದು ಸರಿಯ ತೆಳುವಿನಲ್ಲಿ. ಅಂಟು ಗಟ್ಟಿಯಾದಷ್ಟೂ ಒಳ್ಳೆಯದೆಂದು ನಾವು ತಿಳಿಯುತ್ತೇವೆ. ಆದರೆ ಗಟ್ಟಿ ಅಂಟಿನ ಪಟ ಸೆಟೆದು, ಸುತ್ತುವಾಗ ಬಿರಿಯುತ್ತದೆ. ತೆಳುವಾದ ಸರಿ ಹಿಡಿದಿರಲು ಸಾಕು. ನೂರು ವರ್ಷದ ಮೇಲೆ ಬೆನ್ನು ಹಳತಾದಾಗ ನೀರು ತಾಕಿದರೆ ಬಿಡುತ್ತದೆ. ಹಳೆಯ ಹಾಳೆಯನ್ನು ಕಿತ್ತು ಹೊಸದನ್ನು ಕೊಡಬಹುದು. ಶತಮಾನಗಳ ಹಿಂದಿನ ಚಿತ್ರಗಳು ಇಂದಿಗೂ ಉಳಿದಿರುವುದರಲ್ಲಿ ಈ ಮರುಹುಟ್ಟಿನ ಪಾಲು ದೊಡ್ಡದು.

ಇದು ದೂರದ ಮಾತೆಂದು ಓದುಗರು ಪುಟ ಮಗುಚಬೇಕಾಗಿಲ್ಲ. ಬಟ್ಟೆ, ಸರಿ, ಬರಹ ಇವುಗಳ ಒಕ್ಕಲು ನಮ್ಮಲ್ಲೂ ಇತ್ತು. ಕಚೇರಿಯ ಫೈಲಿಗೆ ಈಗ ನಾವು ಹೇಳುವ ‘ಕಡತ’ ಹಿಂದೆ ಬೇರೊಂದು ವಸ್ತುವಾಗಿತ್ತು. ಬಟ್ಟೆಗೆ ಹುಣಸೆ ಬೀಜದ ಸರಿಯನ್ನು ಬಳಿದು, ಇದ್ದಿಲ ಪುಡಿಯಿಂದ ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಚಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕನ್ನಡ ವರ್ತಕರು ಲೆಕ್ಕಕ್ಕೆ ಇದನ್ನೇ ಬಳಸುತ್ತಿದ್ದುದನ್ನು ಜರ್ಮನ್ ಪಂಡಿತ ಬ್ಯೂಲರ್ 1896ರ ತನ್ನ ಲಿಪಿಶಾಸ್ತ್ರ ಗ್ರಂಥದಲ್ಲಿ ಗುರುತಿಸಿದ್ದಾನೆ. ಶೃಂಗೇರಿ ಮಠದ ಕಡತಗಳಂತೂ ಇತಿಹಾಸಕಾರರಿಗೆ ಚಿರಪರಿಚಿತ. ಹುಣಸೆ ಬೀಜದ ಸರಿ ನಮ್ಮ ಭಾಗದ ರೈತನಿಗೂ ಹೊಸದಲ್ಲ. ಅವನು ಹೊದೆಯುವ ಕಂಬಳಿಯ ನೂಲಿಗೆ ಬಿಗಿ ಕೊಟ್ಟದ್ದು ಅದೇ.

ಸಂಶಿಯ ಒಂದು ಮನೆಯಲ್ಲಿ ಇಂಥದೊಂದು ಕಡತವನ್ನು ನಾನು ಕಂಡೆ. ಮನೆಯವರು ಹಿರಿಯರ ಮೇಲಣ ಭಕ್ತಿಯಿಂದ ಅದನ್ನು ಪೇಟೆಗೆ ಒಯ್ದು ಕಟ್ಟು ಹಾಕಿಸಿದ್ದರು. ಕಟ್ಟಿನವನು ಮಡಿಕೆಗಳಲ್ಲಿ ಕತ್ತರಿಸಿ, ನಾಲ್ಕು ತುಂಡುಗಳನ್ನು ಕೃತಕ ಅಂಟಿನಿಂದ ಪ್ಲೈವುಡ್ಡಿಗೆ ಮೆತ್ತಿ, ಗಾಜು ಕೂಡಿಸಿದ್ದ. ನೋಡಲು ಅಂದವಾಗಿತ್ತು. ಆದರೆ ಆ ಕಡತಕ್ಕೆ ಎರಡೂ ಮಗ್ಗುಲಲ್ಲಿ ಬರಹವಿತ್ತು. ಜೋಳ, ಹತ್ತಿ, ಬಡ್ಡಿಯ ಲೆಕ್ಕ ಈಚೆಗೆ ಕಾಣುತ್ತದೆ. ಆಚೆಗೆ ಏನಿತ್ತೆಂಬುದನ್ನು ಇನ್ನು ಯಾರೂ ಓದಲಾರರು. ಆ ಅಂಟು ನೀರಿಗೆ ಬಿಡುವುದಲ್ಲ.

ಇಲಿ, ಗೆದ್ದಲಿಗಿಂತ ಗಾಜು ಮೇಲಲ್ಲವೆ ಎಂದು ಕೇಳಬಹುದು. ನಿಜ, ಗಾಜು ಧೂಳನ್ನು ತಡೆಯುತ್ತದೆ. ಆದರೆ ಗಾಜಿಗೆ ಒತ್ತಿದ ಕಾಗದಕ್ಕೆ ಮಳೆಗಾಲದ ತೇವ ಹಿಡಿಯುತ್ತದೆ. ಅಗ್ಗದ ಹಲಗೆಯ ಹುಳಿಗುಣ ಅದನ್ನು ಹಳದಿಗಟ್ಟಿಸುತ್ತದೆ. ಕಾಸಿ ಹೊದಿಸುವ ಪ್ಲಾಸ್ಟಿಕ್ಕಿನಿಂದಂತೂ ಹಾಳೆಯನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಶುಭ್ರವಾದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ತೇವ ತಾಕದಲ್ಲಿ ಇಟ್ಟು ಆಗಾಗ ಬಿಚ್ಚಿ ನೋಡುವುದು ಇವೆಲ್ಲಕ್ಕಿಂತ ಮೇಲು.

ಪಾಠ ಹೇಳುವ ನನಗೆ ಇದರಲ್ಲಿ ಗ್ರಂಥಸಂಪಾದನೆಯ ನೀತಿಯೂ ಕಾಣುತ್ತದೆ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತರಲು ಸಾಧ್ಯವಾದದ್ದು, ಆ ಗರಿಗಳನ್ನು ಯಾರೋ ಬಿಚ್ಚಬಹುದಾದ ಕಟ್ಟಿನಲ್ಲಿ ಇಟ್ಟಿದ್ದರಿಂದ. ಒಳ್ಳೆಯ ಸಂಪಾದಕ ತನ್ನ ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ತೋರಿಸಿ, ಮುಂದಿನವನು ಒಪ್ಪದಿದ್ದರೆ ಮೂಲಪಾಠಕ್ಕೆ ಹಿಂದಿರುಗುವ ದಾರಿಯನ್ನು ಬಿಡುತ್ತಾನೆ. ಅವಸರದ ಸಂಪಾದಕ ತನ್ನ ಊಹೆಯನ್ನು ಕವಿಯ ಮಾತಿಗೇ ಮೆತ್ತಿಬಿಡುತ್ತಾನೆ. ವಿಮರ್ಶಕರಲ್ಲೂ ಈ ಎರಡು ಜಾತಿಯವರುಂಟು.

ಧಾರವಾಡದಲ್ಲಿ 1939ರಲ್ಲಿಯೇ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು. ಅದೇ ಜಿಲ್ಲೆಯ ಹಳ್ಳಿಗಳ ಅಟ್ಟದ ಮೇಲೆ ಇನ್ನೂ ಅಲ್ಲೊಂದು ಇಲ್ಲೊಂದು ಕಪ್ಪು ಬಟ್ಟೆಯ ಕಟ್ಟು ಇದ್ದೀತು. ಅಂಥದು ಕೈಗೆ ಬಂದವರು ಕಟ್ಟಿನಂಗಡಿಗೆ ಓಡುವ ಮೊದಲು ಓದಬಲ್ಲವರೊಬ್ಬರಿಗೆ ತೋರಿಸಲಿ. ಮುಂದಿನವರು ಬಿಡಿಸಲಾಗದಂತೆ ಅಂಟಿಸುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.