ತುಕ್ಕಿನಡಿಯ ಹೊಳಪು

ದಾವಣಗೆರೆಗೂ ಹರಿಹರಕ್ಕೂ ನಡುವಿನ ಬಾತಿಯಲ್ಲಿ ಕೆರೆಯಿದೆ, ಹರಿಹರದಲ್ಲಿ ತುಂಗಭದ್ರೆ. ಇಂಥ ಊರುಗಳ ಹಳೇ ಮನೆಯ ಅಟ್ಟದಲ್ಲಿ ಕೈಹಾಕಿದರೆ ಹಿತ್ತಾಳೆಯ ಸ್ಪೂನ್ ಗಾಳವೊಂದು ಸಿಕ್ಕೀತು: ಕರಿಗಟ್ಟಿದ ತಗಡು, ಕೆಂಪುಪುಡಿ ಉದುರಿಸುವ ಮೂರು ಕೊಕ್ಕೆ. ನೀರಲ್ಲಿ ಎಳೆದಾಗ ಓಲಾಡುತ್ತ ಮಿಂಚಿ, ಕೊರವ, ಬಾಳೆಯಂಥ ಬೇಟೆಮೀನುಗಳನ್ನು ಮೋಸಗೊಳಿಸುವ ಈ ತಗಡು ಎಸೆಯುವ ವಸ್ತುವಲ್ಲ.

ಮೊದಲು ಇಕ್ಕಳದಿಂದ ಉಂಗುರ ಬಿಡಿಸಿ ಕೊಕ್ಕೆ, ತಗಡು ಬೇರೆ ಮಾಡಬೇಕು. ಹಿತ್ತಾಳೆಗೆ ನಮ್ಮ ಹೆಣ್ಣುಮಕ್ಕಳು ದೇವರ ದೀಪ ತೊಳೆಯುವ ಹುಣಸೆಹಣ್ಣು, ಉಪ್ಪೇ ಸಾಕು. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಬಣ್ಣ ಬಳಿದ ತಗಡಾದರೆ ಸೋಪಿನ ನೀರು ದಾಟಬಾರದು. ಹಳೇ ಬಣ್ಣ ಮಾಸಿದ್ದರೂ ಅದೇ ಚೆಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಕ್ಕೆಯ ಕೆಲಸ ನಾಜೂಕು. ವಿನಿಗರ್‌ನಲ್ಲಿ ನೆನೆಸಿ, ಆಗಾಗ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬೇಕು. ಬಹಳ ಹೊತ್ತು ಮರೆತುಬಿಟ್ಟರೆ ಆಮ್ಲ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ಹೈಡ್ರೋಜನ್ ಒಳಹೊಕ್ಕು ಗಡಸು ಕೊಕ್ಕೆ ಪೆಡಸಾಗಿ ಮುರಿಯಲೂಬಹುದು. ತೆಗೆದೊಡನೆ ಅಡುಗೆ ಸೋಡಾ ನೀರಲ್ಲಿ ಅದ್ದಿ, ತೊಳೆದು, ಬಿಸಿಲಿಗಿಟ್ಟು, ಎಣ್ಣೆ ಸವರಬೇಕು. ಆಮೇಲೆ ಸಣ್ಣ ಅರದಿಂದ ಮೊನೆಯ ಕಡೆಗೇ ಒಂದೇ ದಿಕ್ಕಿನಲ್ಲಿ ಉಜ್ಜುವುದು. ಹೆಬ್ಬೆರಳ ಉಗುರ ಮೇಲೆ ಮೆಲ್ಲಗೆ ಎಳೆದಾಗ ಜಾರದೆ ಕಚ್ಚಿತೋ, ಮೊನೆ ಸರಿಯಾಯಿತು. ತುಕ್ಕು ಆಳಕ್ಕೆ ಗುಳಿಬಿದ್ದ ಕೊಕ್ಕೆಯನ್ನು ಮಾತ್ರ ಬದಲಿಸಲೇಬೇಕು. ಎಂಥ ಮಮತೆಯಿದ್ದರೂ, ದೊಡ್ಡ ಬಾಳೆಮೀನಿನ ಎಳೆತವನ್ನು ಅದು ತಡೆಯಲಾರದು.